ಬೋರ್ಡಿಗೊಂದು ಚಿತ್ರ

ರೋಜಾ ಕಡೆಯಿಂದ ಆಟೋ ಹತ್ತಿ ಬಂದಳು ಖೈರೂಬಿ,
ಚೀಲದ ತುಂಬ ಊರವರ ಮದುವೆ ಡಿವಿಡಿ.
'ತಹರಿ ಅಂಗಡಿ ಹಾಕ್ಲಿಕತ್ತೀನಪಾ, ಬೋರ್ಡಿಗೆ ಫೋಟೋ ಬೇಕು,
ನಾ ಹರೇದಾಕಿ ಇದ್ದಾಗಿಂದು.
ಇವೆಲ್ಲಾ ನಾನೇ ಅಡಿಗಿ ಮಾಡಿದ ಮದ್ವಿ.'

ಸೂಪರ್ ಮಾರ್ಕೆಟಿನ ನನ್ನ ಗೂಡಿನಲ್ಲಿ
ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು.
ಕರಿಪರದೆ ತೆರೆದು ಒಂದೇ ಸಾಲು ಬರೆದೆ:
ಎಫ್‌ಎಫ್‌ಎಂಪೆಗ್, ಫೈಲಿನ ಹೆಸರು,
ಹತ್ತೊಂಬತ್ತನೇ ನಿಮಿಷದಿಂದ ಶುರು, ಒಂದೂ ಬಿಡದೆ ಬಿಡಿಸು.
ಸೆಕೆಂಡಿಗೆ ಇಪ್ಪತ್ತೈದರಂತೆ
ಸುರಿದವು ಚಿತ್ರ,
ಗಂಜಿನಲ್ಲಿ ಚೀಲ ಹರಿದು ತೊಗರಿ ಸುರಿದ ಹಾಗೆ.

ಸೌಟು. ಹಬೆ. ಸೌಟು ಹಿಡಿದ ಕೈ.
ಎಂಥ ಕ್ಯಾಮೆರಾದವನೋ, ಹಂಡೆಯಿಂದ ಮೇಲೆತ್ತಲೇ ಇಲ್ಲ ಕಣ್ಣು.
ಇನ್ನೊಂದು ಮದುವೆ: ಅದೇ ಕೈ, ಬಳೆ ಬೇರೆ.
ಮತ್ತೊಂದರಲ್ಲಿ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ.

ಸಾವಿರದ ನಾನೂರಾ ಆರನೆಯದು,
ಹಬೆ ಸರಿದು ಒಂದು ಮುಖ!
ಒಂದು ಗೆರೆಯಲ್ಲಿ ನಗು, ಅದರ ಕೆಳಗಿನ ಗೆರೆಯಲ್ಲಿ ಇನ್ನೂ ನಕ್ಕಿಲ್ಲ;
ಹಳೆಯ ಕ್ಯಾಮೆರಾ ಎರಡು ಗಳಿಗೆ ಹೆಣೆದು
ಒಂದು ಚಿತ್ರ ಮಾಡುತ್ತಿತ್ತು.
ಹೆಣಿಗೆ ಬಿಚ್ಚಲು ಇನ್ನೊಂದು ಸಾಲು ಬರೆದು, ದೊಡ್ಡದು ಮಾಡಿ
'ನೋಡ್ರಿ' ಅಂದೆ.

ಕನ್ನಡಕ ಒರೆಸಿ ನೋಡಿದಳು. ಮತ್ತೆ ಒರೆಸಿದಳು.
'ಇಕಿ ನಮ್ಮ ನಾದಿನಿ, ಮೌಲಾಬಿ.
ಉಪ್ಪು ನೋಡ್ತೀನಂತ ಬಂದು ಅರ್ಧಾ ತಿಂದು ಹೋಗಾಕಿ.'

ಹೊರಗೆ ಆಟೋದವನು ಹಾರ್ನ್ ಹೊಡೆದ.
ಅವಳು ಕುರ್ಚಿ ಎಳಕೊಂಡು ಕೂತು, ಹಿಂದಿನವು ತೋರ್ಸು ಅಂದಳು.
ಪರದೆಯ ಹೆಬ್ಬೆರಳ ಮೇಲೆ ತನ್ನ ಬೆರಳಿಟ್ಟು:
'ಇದು ಹಾಕು. ಆ ಬಟ್ಟಿ ಅಳಿಸಬ್ಯಾಡ.
ಮತ್ತ ರೊಕ್ಕಾ, ಒಂದು ಫೋಟೋದ್ದಷ್ಟೇ ಕೊಡ್ತೀನಿ.'