ನಾಲಗೆಯ ತುದಿಯ ಹೆಸರು

ತಾರಿಹಾಳದ ವಾಲ್ವ್ ಕಾರ್ಖಾನೆಯಿಂದ ಫೋನು.
ಪೋರವಾಲ ಸೇಠರು. ಹಿಂದೆ ಯಂತ್ರದ ಗದ್ದಲ.
"ಒಬ್ಬ ಚಲೋ ಹುಡುಗನ್ನ ಕಳಸ್ರಿ ಮಾಸ್ತರ,
ಅರ್ಜಿ ಗಿರ್ಜಿ ಏನೂ ಬ್ಯಾಡ,
ನಿಮ್ಮ ಬಾಯಿಮಾತಽ ನಮಗ ಮಾರ್ಕ್ಸ್ ಕಾರ್ಡು."

ಯಾರೋ ಬೆನ್ನು ತಟ್ಟಿದಂತಾಯಿತು.
ಒಂದು ಹೆಸರು ಆಗಲೇ ನಾಲಗೆಯ ತುದಿಗೆ ಬಂದು
ಚಪ್ಪಲಿ ಮೆಟ್ಟಿ ನಿಂತಿತ್ತು:
ಮುಂದಿನ ಬೆಂಚಿನ ವೀರಭದ್ರ ಹೊಸಳ್ಳಿ,
ನನ್ನ ಸ್ಕೂಟರಿನ ಕಾರ್ಬೋರೇಟರು ತೊಳೆದವ,
ಹಬ್ಬಕ್ಕೆ ಮನೆತನಕ ಕರಿಗಡಬು ತಂದವ.
ಕೆಟ್ಟ ಹುಡುಗನಲ್ಲ. ಅದೇ ತೊಡಕು.

"ನಾಳೆ ಹೇಳ್ತೇನ್ರಿ" ಅಂದೆ.

ಗದಗಿನ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ
ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಹಾಕುತ್ತಿತ್ತು.
ಹಾಜರಿ ಪುಸ್ತಕ ತೆರೆದೆ. ನಲವತ್ತೊಂದು ಸಾಲು.
ಹನ್ನೊಂದರ ಮೇಲೆ ಬೆರಳು ನಿಂತಿತು:
ದಾವಲಬಿ ನದಾಫ.
ಮೂರು ವರ್ಷ, 'ಎಸ್ ಸರ್' ಬಿಟ್ಟು ಬೇರೆ ದನಿ ಕೇಳಿಲ್ಲ;
ಲೇಥಿನಲ್ಲಿ ಅವಳು ತಿರುವಿದ ಕಬ್ಬಿಣದ ಸರಳಿಗೆ
ಮೈಕ್ರೋಮೀಟರು ಹಚ್ಚಿ ಎರಡು ಸಲ ನೋಡಿದ್ದೆ,
ತಪ್ಪಿದ್ದಕ್ಕಲ್ಲ, ಕೂದಲೆಳೆ ತಪ್ಪದಿದ್ದಕ್ಕೆ.
ಸಂಜೆಯ ಬಸ್ಸು ಹಿಡಿಯುವ ಅವಸರದಲ್ಲಿ
ನನ್ನ ಸ್ಕೂಟರಿನ ಬಣ್ಣ ಕೂಡ ಕಂಡವಳಲ್ಲ.

ತೊಂಬತ್ತೆರಡರ ಒಂದು ಮಧ್ಯಾಹ್ನ
ಮುಳಗುಂದ ಸರ್ ಹುಬ್ಬಳ್ಳಿಗೊಂದು ಚೀಟಿ ಬರೆದರು.
ಹೆಸರು ನನ್ನದು.
ಜಾಣ ಅಂತಲೋ, ತಮ್ಮ ಊರಿನವ ಅಂತಲೋ,
ಕೇಳಲಿಲ್ಲ ನಾನು. ಮಡಚಿ ಕಿಸೆಗಿಟ್ಟೆ.
ಬಾಗಿಲ ಹೊರಗೆ ಕೂತಿದ್ದ ಯಮನೂರಪ್ಪ
"ಎಲ್ಲಿಗಿ ಹೊಂಟಿಪಾ?" ಅಂದ.
"ಇಲ್ಲೇ" ಅಂದೆ.

ಆ 'ಇಲ್ಲೇ' ಇನ್ನೂ ಕಿಸೆಯಲ್ಲಿ ಮೆತ್ತಗಾಗಿಲ್ಲ.

ಬೆಳಗ್ಗೆ ಫಲಕಕ್ಕೆ ಹಾಳೆ ಚುಚ್ಚಿದೆ:
ಕೆಲಸ ಏನು, ಪಗಾರ ಎಷ್ಟು, ಪಾಳಿ ಯಾವುದು,
ಹೆಸರು ಬರೆಯಲು ಶನಿವಾರದ ತನಕ.
'ಹುಡುಗ' ಎಂಬ ಮಾತು ಬರೆಯಲಿಲ್ಲ.

ಸೇಠರಿಗೆ ಬೇಸರ:
"ಒಬ್ಬನ್ನ ಕೇಳಿದ್ರ ಸಂತೀನಽ ಕಳಸ್ತೀರಲ್ಲ!"
"ಸಂತಿ ಅಲ್ರಿ, ಭಾಳ ಆದ್ರ ಹದಿನಾಲ್ಕು ಮಂದಿ.
ಆರಿಸೋದು ನಿಮ್ಮ ಕೆಲಸ.
ಯಾರ ಬಗ್ಗೆ ಕೇಳಿದ್ರೂ ಕಂಡಷ್ಟು ಹೇಳ್ತೇನಿ,
ಕಾಣದ್ದು ಕಂಡಿಲ್ಲ ಅಂತೇನಿ."
ಫೋನು ಇಟ್ಟುಬಿಟ್ಟರು. ಮುಂದಿನ ವರ್ಷ
ಮತ್ತೆ ಮಾಡುತ್ತಾರೋ ಇಲ್ಲವೋ.

ವೀರಭದ್ರ ಎರಡು ದಿನ ನಮಸ್ಕಾರ ಹೇಳಲಿಲ್ಲ.
ಮೂರನೆಯ ದಿನ ಹಾಳೆಯ ಮುಂದೆ ನಿಂತು
ಪೆನ್ನಿಗಾಗಿ ಕಿಸೆ ತಡವಿದ.
ಹಿಂದೆ ನಿಂತಿದ್ದ ದಾವಲಬಿ
ತನ್ನದನ್ನು ಕೊಟ್ಟಳು.

ಬರೆದು ತಿರುಗಿ ಕೊಟ್ಟನೋ, ಏನು ಮಾಡಿದನೋ.
ಗಂಟೆ ಹೊಡೆಯಿತು. ನನಗೆ ಎರಡನೆಯ ವರ್ಷದವರ ಕ್ಲಾಸಿತ್ತು.