ಆರೂಕಾಲರ ಕಾಯಿಲೆ

ಮಂಡ್ಯದ ಬಸ್ಸು ಹನ್ನೊಂದಕ್ಕೆ ನನ್ನನ್ನು ಇಳಿಸುವ ಹೊತ್ತಿಗೆ
ದೊಡ್ಡಕೊಪ್ಪಲಿನ ಡೇರಿಯಲ್ಲಿ
ಕ್ಯಾನೆಲ್ಲ ತೊಳೆದು ಬೋರಲು ಹಾಕಿರುತ್ತಾರೆ,
ನೆಲ ಒಣಗಿರುತ್ತದೆ,
ಮೂಲೆಯ ಮೇಜಿನ ಕಂಪ್ಯೂಟರು
ಒಂದೇ ಒತ್ತಿಗೆ ಬೀಪ್ ಅಂದು ಎದ್ದು ಕೂರುತ್ತದೆ,
ಡಾಕ್ಟರ ಮುಂದೆ ಜ್ವರ ಬಿಟ್ಟ ಕೂಸಿನ ಹಾಗೆ.

"ಹಾಳಾದ್ದು, ನೀನ್ ಬಂದ್ರೆ ಸಾಧು," ಅನ್ನುತ್ತಾರೆ
ಕಾರ್ಯದರ್ಶಿ ಶಿವನಂಜಮ್ಮ.
"ಬೆಳಿಗ್ಗೆ ಆರೂಕಾಲಿಗೆ ಬಾ, ಗೊತ್ತಾಯ್ತದೆ.
ಫ್ಯಾನ್ ತಿರುಗ್ತದೆ, ಕೆಂಪು ದೀಪ ಮಿಣುಕ್ತದೆ,
ಪರದೆ ಮಾತ್ರ ಅಮಾವಾಸ್ಯೆ.
ದಿನಾನೂ ಅಲ್ಲ. ಅದೇ ತಲೆನೋವು.
ದಿನಾ ಕೆಟ್ರೆ ತಿಪ್ಪೆಗೆ ಎಸೀಬೋದಿತ್ತು."

ಮೊದಲ ಸಲ ರ‍್ಯಾಮ್ ಕಿತ್ತು
ಅವರ ಮಗಳ ಕಂಪಾಸು ಬಾಕ್ಸಿನ ರಬ್ಬರಿನಿಂದ
ಹೊಂಬಣ್ಣದ ಹಲ್ಲು ಉಜ್ಜಿ ಕೂರಿಸಿದೆ.
ಎರಡನೆಯ ಸಲ ನಾಣ್ಯದಂಥ ಸೆಲ್ಲು ಬದಲಿಸಿದೆ;
ಗಡಿಯಾರ ಸರಿಹೋಯಿತು, ಅಷ್ಟೆ.
ಮೂರನೆಯ ಸಲ, ಏನೂ ತೋಚದೆ, ಧೂಳು ಊದಿದೆ.
ಜೇಡವೊಂದು ಹೊರಗೆ ಬಂತು, ಹಿಂಡಿಯ ಪುಡಿ,
ಯಾರದೋ ಹಳೇ ಹಾಲಿನ ಚೀಟಿ: ಫ್ಯಾಟು ೪.೧.
ಮೂರು ಸಲವೂ ಬಸ್ ಚಾರ್ಜು ಇಸಕೊಂಡೆ.
ನಾಲ್ಕನೆಯ ಸಲ ನಾಲಗೆ ಏಳಲಿಲ್ಲ.

ಸೋಮವಾರ ರಾತ್ರಿ ಅಲ್ಲೇ ಉಳಿದೆ,
ಹಿಂಡಿ ಮೂಟೆಗಳ ಪಕ್ಕ, ಅವರು ಕೊಟ್ಟ ಕಂಬಳಿ ಹೊದ್ದು.
ಮಾರ್ಗಶಿರ. ಕಬ್ಬಿನ ಗದ್ದೆ ಕಡೆಯಿಂದ
ತಗಡಿನ ಬಾಗಿಲ ಸಂದಿಗೆ ಗಾಳಿ.
ಕತ್ತಲಲ್ಲಿ ಕೈಯಿಟ್ಟು ನೋಡಿದರೆ ಕ್ಯಾಬಿನೆಟ್ಟು
ಖಾಲಿ ಕ್ಯಾನಿಗಿಂತ ತಣ್ಣಗೆ.

ಆರೂಕಾಲು. ಬೀದಿಯವರೆಗೂ ಸಾಲು,
ತಂಬಿಗೆ, ಸ್ಟೀಲಿನ ಕ್ಯಾನು, ತಲೆಗೆ ಸುತ್ತಿದ ಟವೆಲು.
ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಕೆಂಪು ದೀಪ.
ಅಮಾವಾಸ್ಯೆ.
ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿ.
"ಬಂತು, ಬಂತು!" ಎಂದು ಕೂಗಿಯೇಬಿಟ್ಟೆ.
ಸಾಲಿನಲ್ಲಿದ್ದ ಚನ್ನಿಂಗಯ್ಯನವರು
ಹಾಲಿನ ಲಾರಿಯೇನೋ ಎಂದು ತಿರುಗಿ ನೋಡಿದರು.

ಶಿವನಂಜಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದರು.
ಒತ್ತಿದರು, ಆರಿಸಿದರು. ಒತ್ತಿದರು, ಆರಿಸಿದರು.
ಐದನೆಯ ಸಲಕ್ಕೆ ಪರದೆ ಬೆಳಗಿತು.
"ಚಳೀಲಿ ಹಸ ಒಂದೇ ಸಲಕ್ಕೆ ಸೊರೆ ಬಿಡ್ತದಾ?
ಬಿಸಿನೀರಲ್ಲಿ ಕೆಚ್ಚಲು ಸವರಬೇಕು, ಕರೂನ ಬಿಡಬೇಕು.
ಮೊದಲ್ನೇ ದಿನವೇ ಹೇಳ್ದೆ ನಿಂಗೆ.
ನೀನು ರಬ್ಬರ್ ಕೇಳ್ದೆ."

ಲಾರಿ ಹೋದ ಮೇಲೆ ಪವರ್ ಸಪ್ಲೈ ಡಬ್ಬಿ ಬಿಚ್ಚಿದೆ.
ಕಿರುಬೆರಳ ತುದಿಯಷ್ಟು ಕೆಪಾಸಿಟರ್ ಎರಡು,
ನೆತ್ತಿ ಉಬ್ಬಿ, ಕಂದು ಅಂಟು ಒಸರಿ,
ಬಾವು ಬಂದ ಮೊಲೆತೊಟ್ಟಿನ ಹಾಗೆ.
(ಅವರ ಹೋಲಿಕೆ ನನಗೂ ಅಂಟಿತ್ತು.)
ಬೆಸುಗೆಯ ರಾಳದ ಹೊಗೆ ಕಂಡು
ಹಿಂಡಿಗೆ ಬಂದ ಅಜ್ಜಿ, "ಸಾಂಬ್ರಾಣಿಯಾ?" ಅಂದರು.
ಹೂಂ ಅಂದೆ.

ಇನ್ನೊಂದು ರಾತ್ರಿ ಮಲಗಿದೆ, ನಂಬಿಕೆ ಸಾಲದೆ.
ಬುಧವಾರ ಆರೂಕಾಲಿಗೆ ಒಂದೇ ಒತ್ತು,
ಚನ್ನಿಂಗಯ್ಯನವರ ಚೀಟಿ ಕಿರ್ರೆಂದು ಹೊರಬಂತು.
"ಮೂರು ತಿಂಗಳು ಗ್ಯಾರಂಟಿ," ಅಂದೆ.
ಶಿವನಂಜಮ್ಮ ಲೆಕ್ಕದ ಪುಸ್ತಕದಿಂದ ತಲೆಯೆತ್ತಲಿಲ್ಲ.
"ಶಿವರಾತ್ರಿಗೆ ಚಳಿ ಶಿವಶಿವಾಂತ ತಾನೇ ಹೋಯ್ತದೆ ಕಣಪ್ಪ.
ಮುಂದಿನ ಮಾರ್ಗಶಿರಕ್ಕೆ ಬರಕೊಡು."