ಮೂರನೇ ಸ್ವಿಚ್

ಸೇಡಂ ರಸ್ತೆಯ ಆಚೆ ಇನ್ನೂ ಬುನಾದಿಯಲ್ಲೇ ಇರುವ
ಫಂಕ್ಷನ್ ಹಾಲಿಗೆ
ನನ್ನ ಪರದೆಯೊಳಗೆ ಆಗಲೇ ಛತ್ತು ಹಾಕಿಯಾಗಿದೆ.
ಗುರುಪಾದಪ್ಪ ಸಾವಕಾರರ ಆಸೆ, ಮುನ್ನೂರ ಹನ್ನೆರಡು ದೀಪ:
ಜಿಪ್ಸಂ ಬೋರ್ಡಿನ ತೂತು ತೂತಿಗೊಂದು,
ಅಂಚಿನ ಗುಂಟ ಓಡುವ ಪಟ್ಟಿ,
ಕಂಬಕ್ಕೆ ಎರಡೆರಡು,
ನಡುವೆ, ಬೀದರಿನ ಯಾವುದೋ ಹವೇಲಿಯಲ್ಲಿ ಕಂಡ ಝೂಮರು.
ಅದರಲ್ಲೇ ತೊಂಬತ್ತಾರು ಬಲ್ಬು.
"ಒಂದೂ ಬಿಡಬ್ಯಾಡವ್ವ, ಎಲ್ಲಾ ಹಚ್ಚು."

ಹಚ್ಚಿದೆ.
ಕಂಪ್ಯೂಟರು ಉಸಿರು ಹಿಡಿದು, ಹತ್ತೊಂಬತ್ತು ತಾಸು ಅಂತು.
ಕೂಲರಿನ ಎದುರು ಅದನ್ನೇ ಕೂರಿಸಿ
ನಾನು ಝಳದಲ್ಲಿ ಕೂತೆ.
ಹಾಸಿದ ಶಹಾಬಾದ ಕಲ್ಲಿನ ಒಂದೊಂದು ಚುಕ್ಕಿಯೂ
ಮುನ್ನೂರ ಹನ್ನೆರಡು ಮನೆಯ ಬಾಗಿಲು ಬಡಿದು ಕೇಳಬೇಕು:
ನಿನ್ನ ಬೆಳಕು ನನ್ನತನಕ ಬಂತೇ?
ನಡುವೆ ಯಾರಾದರೂ ಅಡ್ಡ ನಿಂತರೇ?
ಕೇಳಿ ಕೇಳಿ ದಣಿದು ಅರ್ಧಕ್ಕೇ ಕೈಬಿಟ್ಟ ಕಡೆ
ಮೂಲೆಯೆಲ್ಲ ಬಿಳಿ ಬಿಳಿ ಕಾಳು, ನುಚ್ಚು ಚೆಲ್ಲಿದ ಹಾಗೆ.
ಏಳನೇ ತಾಸಿಗೆ ಕರೆಂಟು ಹೋಯಿತು.

ಪೈಪು ಎಷ್ಟು ಬೇಕೆಂದು ಕೇಳಲು ಬಂದಿದ್ದ ವೈರಿಂಗಿನ ಕಮರುದ್ದೀನ
ಕತ್ತಲಲ್ಲೇ ಕೂತು ಚಹಾ ಕುಡಿದ.
"ಎಲ್ಲಾ ಒಮ್ಮೆಲೆ ಯಾರ ಹಚ್ತಾರ ಬಾಯಿ?
ನಾಲ್ವತ್ತು ವರ್ಷ ಆತು, ನಾ ಅಂತೂ ನೋಡಿಲ್ಲ.
ಬೋರ್ಡಿಗಿ ಮೂರ ಸ್ವಿಚ್.
ಒಂದು ಅಕ್ಕಿಕಾಳಿಗೆ, ಒಂದು ಊಟಕ್ಕ,
ಮೂರನೇದು..."
ಬಸಿಯಲ್ಲಿ ಉಳಿದದ್ದನ್ನು ಸುರ್ರೆಂದು ಎಳೆದು
ಹೇಳದೆ ಎದ್ದು ಹೋದ.

ಕರೆಂಟು ಬಂದ ಮೇಲೆ ಗುಂಪು ಮಾಡಿದೆ.
ಒಂದೇ ದೀಪ ಕಡೆದು, ಉಳಿದವಕ್ಕೆಲ್ಲ ಅದರದೇ ಅಚ್ಚು.
ಝೂಮರಿನ ತೊಂಬತ್ತಾರಕ್ಕೂ ಹೇಳಿದೆ:
ನೀವು ಸುಮ್ಮನೆ ಹೊಳೀರಿ, ಬೆಳಗುವ ಚಿಂತೆ ಬೇಡ.
ಅವುಗಳ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ,
ಹಾಳೆಯಷ್ಟು ತೆಳುವಾದ ಒಂದು ಅಗಲ ಬೆಳಕು ತೂಗುಹಾಕಿದೆ.
ಇಡೀ ಹಾಲಿನ ಕೆಲಸ ಅದೇ ಮಾಡಿತು, ಹೆಸರಿಲ್ಲದೆ.
ಹಿಂದಿನ ಸಾಲಿನವಕ್ಕೆ ಎಂಟು ಫೂಟಿನ ಗಡಿ:
ಅದರಾಚೆ ನಿಮ್ಮ ಊರಲ್ಲ.
ಹತ್ತೊಂಬತ್ತು ತಾಸು ಐವತ್ತು ನಿಮಿಷಕ್ಕಿಳಿಯಿತು.

ಸಾವಕಾರರು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ
ಝೂಮರಿನ ಬಲ್ಬು ಎಣಿಸಿದರು.
ತೊಂಬತ್ತಾರು. ಖುಷಿ.

ಆ ರಾತ್ರಿ, ಯಾರೂ ಕೇಳದೆ,
ಎರಡೂ ಗುಂಪು ಆರಿಸಿ
ಕೈ ತೊಳೆಯುವ ಕಡೆಯ ಬಾಗಿಲ ಮೇಲೆ
ಒಂದೇ ಒಂದು ಟ್ಯೂಬ್‌ಲೈಟು ಹಚ್ಚಿದೆ.
ನಾಲ್ಕು ನಿಮಿಷ.
ಕುರ್ಚಿಗಳ ನೆರಳು ವೇದಿಕೆಯತನಕ ಕಾಲು ಚಾಚಿದವು.
ಕಂಬದ ಬಂಗಾರದ ಬಣ್ಣ ಮಣ್ಣಿನ ಬಣ್ಣವಾಯಿತು.
ಕಂಡವರ ಮದುವೆ ಮುಗಿದು ಎರಡು ಗಂಟೆಗೆ
ನಮ್ಮವ್ವ ಜಗದೇವಿ ಪತ್ರಾವಳಿ ಬಳಿದು ಮುಗಿಸುವ ತನಕ
ಒಂದರ ಮೇಲೊಂದು ಇಟ್ಟ ಕುರ್ಚಿಗಳ ತುದಿಯಲ್ಲಿ ಕೂತು
ನಾನು ಅಭ್ಯಾಸ ಬರೆದ ಬೆಳಕು.

ಗೋಡೆಯ ಬುಡದಲ್ಲಿ ಇನ್ನೂ ಒಂದಿಷ್ಟು ಬಿಳಿ ಕಾಳು ಉಳಿದಿವೆ.
ಎರಡು ನಿಮಿಷ ಹೆಚ್ಚು ಕೊಟ್ಟರೆ ಹೋದಾವು.
ಕೊಡಲಿಲ್ಲ.
ಅಕ್ಕಿಕಾಳಿರಬೇಕು.
ಅವ್ವ ಗುಡಿಸುತ್ತಾಳೆ.